ಮೂಗು ಇಳಿಜಾರಿಗೆ

ನರಿನ್ ಊರಲ್ಲಿ ಇವತ್ತು ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ಬರಿಗೈಲಿ ಸ್ಪ್ಯಾನರ್ ಹಿಡಿದರೆ ಬೆರಳ ತೊಗಲು ಅದಕ್ಕೇ ಅಂಟಿ ಉಳಿಯುತ್ತದೆ.
ಐದೂವರೆಗೆ ಬಂದು ಕದ ಬಡಿದ ತೆಮಿರ್‌ಕುಲ್:
'ಸಾಯ್ಕಲ್ ಅಕ್ಕಾ, ವ್ಯಾನು ಸತ್ತಿದೆ.'
ಸತ್ತದ್ದಕ್ಕೆ ನಾನೇಕೆ, ಮುಲ್ಲಾನನ್ನು ಕರಿ
ಎಂದು ಗೊಣಗುತ್ತಲೇ ಫೆಲ್ಟ್ ಬೂಟಿಗೆ ಕಾಲು ತೂರಿಸಿದೆ.

ಒಳಗೆ ಇನ್ನೂರು ರೊಟ್ಟಿ, ಕಂಬಳಿ ಹೊದ್ದು, ಬೆಚ್ಚಗೆ.
ರೊಟ್ಟಿಗಿರುವ ಕಾವು ಎಂಜಿನ್ನಿಗಿಲ್ಲ.

ತಿರುಗಿಸು, ಅಂದೆ. ತಿರುಗಿಸಿದ.
ಸ್ಟಾರ್ಟರಿನ ದನಿ ಗಟ್ಟಿ. ಬ್ಯಾಟರಿಯ ಮೇಲೆ ದೂರಿಲ್ಲ.
ನಾನು ಹಿಂದೆ ಕುಕ್ಕರಗಾಲಲ್ಲಿ ಕೂತು
ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದೆ.
ಬೆಳ್ಳಗೆ ಹೊಗೆ ಬಂದರೆ ಎಣ್ಣೆ ಬಂದಿದೆ, ಬೆಂಕಿ ಬಂದಿಲ್ಲ ಎಂದರ್ಥ.
ಹೊಗೆಯೇ ಇಲ್ಲ.
ಉಣ್ಣದವನಿಗೆ ತೇಗು ಎಲ್ಲಿಂದ?

ಆದರೂ ಗ್ಲೋ ಪ್ಲಗ್ ನಾಲ್ಕನ್ನೂ ಬಿಚ್ಚಿಸಿದ.
ಮೂರು ತಿಂಗಳಿಂದ ಅವಕ್ಕೇ ಬೈಯುತ್ತಿದ್ದನಂತೆ.
ಒಂದೊಂದಕ್ಕೂ ತಂತಿ ಮುಟ್ಟಿಸಿದೆ:
ಒಂದೊಂದೂ ತುದಿಯಲ್ಲಿ ಕೆಂಪಾಯಿತು,
ಸುಮ್ಮಸುಮ್ಮನೆ ಬೈಸಿಕೊಂಡವರ ಮುಖದ ಹಾಗೆ.

ಅಷ್ಟರಲ್ಲಿ ಅನಾರ್‌ಕನ್ ಬಂದಳು, ಅವನ ಹೆಂಡತಿ,
ಪಂಪಿನ ಮೇಲೆ ಸುರಿಯಲು ಕೆಟಲಿನಲ್ಲಿ ಬಿಸಿನೀರು ಹಿಡಿದು.
ಬೇಡ ತಾಯಿ, ಮೊದಲು ಚಹಾ ಮಾಡು, ಅಂದೆ.
ಅವಳು ಹೋಗಲಿಲ್ಲ. ಹೋಗಿದ್ದರೆ ಚೆನ್ನಿತ್ತೋ ಏನೋ.

ಯಾಕೆಂದರೆ ಆಗಲೇ ನಾನು ಕೇಳಿದ್ದು:
ಒಂದೇ ಏಟಿಗೆ ಶುರುವಾದ ಬೆಳಗು ಒಂದೂ ಇಲ್ಲವೇ?
'ಶುಕ್ರವಾರ,' ಅಂದ. 'ಶುಕ್ರವಾರ ಮಾತ್ರ ತಕರಾರಿಲ್ಲ.'
ಎಂಜಿನ್ನಿಗೆ ಪಂಚಾಂಗ ಗೊತ್ತಿಲ್ಲ, ತಮ್ಮಾ.
ಗುರುವಾರ ರಾತ್ರಿ ಎಲ್ಲಿ ನಿಲ್ಲಿಸುತ್ತೀ?

ತೆಮಿರ್‌ಕುಲ್ ಟೈರು ನೋಡಿದ.
'ಬೇಕರಿಯಲ್ಲಿ,' ಎಂದಳು ಅನಾರ್‌ಕನ್. 'ಗುರುವಾರ ರಾತ್ರಿಪಾಳಿ.'
ಬೇಕರಿಯ ಅಂಗಳ ನನಗೆ ಗೊತ್ತು. ತಟ್ಟೆಯಷ್ಟು ಸಮ.
ನಾನು ಕೇಳಿದ್ದು ಗಾಡಿಯ ವಿಷಯ, ದೇವರಾಣೆ, ಬರೀ ಗಾಡಿಯ ವಿಷಯ:
ಮೂಗು ಮೇಲಿತ್ತೋ, ಕೆಳಗಿತ್ತೋ?

'ಕೆಳಗೆ,' ಅಂದ ಕೊನೆಗೆ. 'ನದಿಯ ಕಡೆಗೆ.
ಮೇಲಿನ ಕೇರಿ. ಬೆಗಿಮಾಯ್ ಮನೆಮುಂದೆ.'

ಮೂರು ವರ್ಷದಿಂದ ಆ ಮನೆಯಲ್ಲಿ ಮಗಳ ಹೆಸರು ಯಾರೂ ಎತ್ತಿರಲಿಲ್ಲ.
ಈಗ ಅದು ಮೂವರ ನಡುವೆ ಉಸಿರಿನ ಆವಿಯಾಗಿ ನಿಂತಿತು.
ಇಂಥ ಚಳಿಯಲ್ಲಿ ಆವಿ ಬೇಗ ಕರಗುವುದಿಲ್ಲ.

ನನಗೆ ನನ್ನ ಕೆಲಸ. ಮೂಗು ಕೆಳಗಿದ್ದರೆ
ಎಣ್ಣೆ ರಾತ್ರಿಯಿಡೀ ಪಂಪಿನಲ್ಲೇ ನಿಲ್ಲುತ್ತದೆ;
ಸಮನೆಲದಲ್ಲಿ ನಿಧಾನಕ್ಕೆ ಟ್ಯಾಂಕಿಗೆ ಮರಳುತ್ತದೆ.
ಅಂದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ.
ಹಳೇ ಸಾಮೂಹಿಕ ಫಾರಮ್ಮಿನಿಂದ ಹೊತ್ತು ತಂದಿದ್ದ
ಹಾಲು ಕರೆಯುವ ಯಂತ್ರದ ಗಾಜಿನಂಥ ಕೊಳವೆಯೊಂದಿದೆ ನನ್ನ ಬಳಿ.
ಎಣ್ಣೆದಾರಿಯ ನಡುವೆ ಅದನ್ನು ಸೇರಿಸಿ, ಟಾರ್ಚು ಹಿಡೀರಿ ಅಂದೆ.
ಹಿಡಿದವಳು ಅನಾರ್‌ಕನ್.
ಗುಳ್ಳೆ. ಇನ್ನೊಂದು ಗುಳ್ಳೆ. ಸಾಲುಸಾಲು.

ಫಿಲ್ಟರಿನ ಹಿಂದಿನ ಮೋಟು ರಬ್ಬರು,
ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು.
ಚಳಿಗೆ ಕುಗ್ಗಿ ಬಾಯಿ ಬಿಡುತ್ತದೆ, ಬಿಸಿಲಿಗೆ ಮುಚ್ಚಿಕೊಳ್ಳುತ್ತದೆ.
ಹೊರಗೆ ಒಂದು ಹನಿಯೂ ಸೋರದು, ಅದಕ್ಕೇ ಯಾರಿಗೂ ಕಾಣದು.
ಹತ್ತು ಸೋಮ್ ಬೆಲೆಯ ತುಂಡು.

ಹಾಕಿ, ಕೈಪಂಪು ಒತ್ತಿ ಒತ್ತಿ ಗಾಳಿ ಬಿಡಿಸಿ, ತಿರುಗಿಸು ಅಂದೆ.
ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹಿಡಿಯಿತು.
ಊರಿನ ನಾಯಿಗಳೆಲ್ಲ ಎದ್ದವು.

ಮಜೂರಿಗೆ ಎರಡು ರೊಟ್ಟಿ ತೆಗೆದುಕೊಂಡೆ.
ಅನಾರ್‌ಕನ್ ಟಾರ್ಚು ಆರಿಸುವುದನ್ನೇ ಮರೆತಿದ್ದಳು,
ಬೆಳಕು ಹಿಮದ ಮೇಲೆ ಸುಮ್ಮನೆ ಬಿದ್ದಿತ್ತು.
'ಆ ಇಳಿಜಾರು ತುಂಬ ಕಡಿದೋ?' ಅಂದಳು, ಗಂಡನಿಗಲ್ಲ, ನನಗೆ.
'ನನ್ನ ಮಂಡಿಗೆ ಆದೀತೇ?'
ಹಿಡಿದು ನಡೆದರೆ ಆದೀತು, ಅಂದೆ.
ಆಮೇಲೆ ಕೇಳಿದಳು, ಇವತ್ತು ಯಾವ ವಾರ ಅಂತ.
ಬುಧವಾರ, ಅಂದೆ.