ಕೆಳಬಾಣದ ಕೀಲಿ

ಬೈತಕೋಲಿನ ಮೀನುಗಾರರ ಸೊಸೈಟಿಯಲ್ಲಿ ಸಿಕ್ಕಿದ್ದು
ನನ್ನ ಮೊದಲ ಕೆಲಸ, ಅದೂ ಹಂಗಾಮಿ.
ಕಿಟಕಿಯಾಚೆ ಮಂಜುಗಡ್ಡೆ ಪುಡಿಮಾಡುವ ಯಂತ್ರ,
ಈಚೆ ಕಪ್ಪು ಪರದೆಯಲ್ಲಿ ಹಸಿರು ಇಂಗ್ಲಿಷು.
ಚಿತ್ರವಿಲ್ಲ, ಬಣ್ಣವಿಲ್ಲ,
ಏಳು ಸಾಲು, ಒಂದರ ಮೇಲೆ ಕೂತ ಹಸಿರು ಪಟ್ಟಿ.

ಮೌಸ್ ಎಲ್ಲಿದೆ ಅಂತ ಕೇಳಿದೆ.
ಪ್ರಮಿಳಾ ದುರ್ಗೇಕರ ಮೇಡಂ ಕನ್ನಡಕದ ಮೇಲಿಂದ ನೋಡಿ
"ಗೋದಾಮಿನಲ್ಲಿದೆ, ಬಲೆ ಕಡೀತಾ ಉಂಟು" ಅಂದರು.

ಆಮೇಲೆ ಪಾಠ:
ಟ್ಯಾಬ್ ಅಂದರೆ ಮುಂದಿನ ಮನೆ,
ಶಿಫ್ಟ್ ಹಿಡಿದು ಟ್ಯಾಬ್ ಅಂದರೆ ಈಗಷ್ಟೇ ಬಿಟ್ಟುಬಂದ ಮನೆ.
ಎಂಟರ್ ಒಳಗೆ. ಎಸ್ಕೇಪ್, ಚಪ್ಪಲಿ ಮೆಟ್ಟಿ ಹೊರಗೆ.
ಎಫ್ ಹತ್ತು ಒತ್ತದೆ ಎದ್ದೆಯೋ,
ಬೆಳಗಿಂದ ಬಡಿದದ್ದೆಲ್ಲ
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೆಳಬಾಣ ಮಾತ್ರ ಸತ್ತು ಮೂರು ಮಳೆಗಾಲ.
ಉಪ್ಪುಗಾಳಿ ತಿಂದಿತ್ತು.
ಹೊಸ ಕೀಬೋರ್ಡಿಗೆ ಅರ್ಜಿ ಹೋಗಿತ್ತು,
ಆ ಅರ್ಜಿಗೆ ಎಂಟರ್ ಒತ್ತುವವರು ಯಾರೂ ಇರಲಿಲ್ಲ.

"ಹಾಗಾದ್ರೆ ಕೆಳಗೆ ಹೋಗೋದು ಹೇಗೆ?"
"ಮೇಲೆ ಹೋಗು."

ಮೊದಲ ಸಾಲಿನಲ್ಲಿ ನಿಂತು ಮೇಲ್ಬಾಣ ಒತ್ತಿದರೆ
ಪಟ್ಟಿ ನೆತ್ತಿಯಲ್ಲಿ ಮುಳುಗಿ ಬುಡದಲ್ಲಿ ಏಳುತ್ತದೆ,
ನೀರುಕಾಗೆಯ ಹಾಗೆ, ನೋಡಿದ ಜಾಗ ಬಿಟ್ಟು ಬೇರೆಲ್ಲೋ.
ಮೊದಲನೆಯದು ಹೊಸ ದೋಣಿ, ಎರಡನೆಯದು ಡೀಸೆಲ್.
ಪಕ್ಕದ ಮನೆಗೆ ಹೋಗಲು ಊರು ಸುತ್ತಬೇಕು:
ರದ್ದು ದಾಟಿ, ವಿಮೆ ದಾಟಿ, ಬಡ್ಡಿ, ಸಾಲ,
ಮಂಜುಗಡ್ಡೆ, ಆಮೇಲೆ ಡೀಸೆಲ್.
ಆರು ಸಲ ಟಕ್ ಟಕ್.

ಆಗಸ್ಟ್ ಒಂದಕ್ಕೆ ಸಮುದ್ರ ತೆರೆಯಿತು.
ಕೂಪನ್ನಿಗೆ ಸಾಲು ಮೆಟ್ಟಿಲಿಳಿದು ರಸ್ತೆ ಮುಟ್ಟಿತ್ತು.
ಮೇಡಂ ಪರದೆಯನ್ನು ನೋಡಲೇ ಇಲ್ಲ,
ಒಬ್ಬನ ಹೆಂಡತಿಯ ಹೆರಿಗೆ ವಿಚಾರಿಸುತ್ತ,
ಇನ್ನೊಬ್ಬನ ಹಳೆ ಬಾಕಿಗೆ ಬೈಯುತ್ತ
ಆರು ಸಲ, ಮತ್ತೆ ಆರು ಸಲ.
ಹೊರಗೆ ಯಾರದೋ ಮಗು ಕೊಡ ಬಡಿಯುತ್ತ
ಅದೇ ಲೆಕ್ಕ ಕಲಿತುಬಿಟ್ಟಿತ್ತು.

ನಾನು ಮಾತ್ರ ಪ್ರತಿಸಲ ಏಳನೆಯ ಸಾಲಿನಲ್ಲಿ ತಡೆಯುತ್ತಿದ್ದೆ.
ನೋಂದಣಿ ರದ್ದು.
ಪರದೆಯಲ್ಲಿ ಅದು ಹೊಸ ದೋಣಿಯಿಂದ ಎಲ್ಲಕ್ಕಿಂತ ದೂರ,
ಬೆರಳಿಗೆ ಒಂದೇ ಒತ್ತು.

ಗಣೇಶ ಚೌತಿ ಕಳೆದ ವಾರ ಖೇಮು ತಾಂಡೇಲ ಬಂದ.
ದೇವಗಡದ ಬಂಡೆಗೆ ಬಡಿದು ದೋಣಿ ಎರಡು ತುಂಡು.
ನಾಲ್ಕು ಜನ ಬದುಕಿದ್ದರು, ಬಲೆಯೂ ಅರ್ಧ ಸಿಕ್ಕಿತ್ತು.
ರದ್ದಾಗದೆ ವಿಮೆ ಇಲ್ಲ.
ಮೇಡಂ ಒಂದೇ ಸಲ ಒತ್ತಿದರು, ಎಂಟರ್ ಹೊಡೆದರು,
ದೋಣಿಯ ನಂಬರು ತುಂಬಿದರು.
ಪರದೆ ಕೇಳಿತು: ಖಾತ್ರಿಯೇ? ವೈ ಅಥವಾ ಎನ್.

ಅವರ ಕೈ ಅಲ್ಲಿ ನಿಂತಿತು.
ಕೀಬೋರ್ಡನ್ನೇ ಅವನ ಕಡೆ ತಿರುಗಿಸಿ
"ನಿನ್ನ ದೋಣಿ, ನೀನೇ ಒತ್ತು" ಅಂದರು.

"ಯಾವುದು ಬಾಯಿ? ನನಗೆ ಈ ಅಕ್ಷರ ಬರೂದಿಲ್ಲ."
"ಹುಟ್ಟು ಇಡುವ ಕವಲು ಇರ್ತದಲ್ಲ ದೋಣಿಯಲ್ಲಿ,
ಹಾಗೆ ಕಾಣ್ತದೆ, ನೋಡು."

ಹುಡುಕಿದ. ಸಿಕ್ಕಿತು.
ಬಲೆಹಗ್ಗ ಕೊಯ್ದ ಹೆಬ್ಬೆರಳನ್ನು ಅಂಗಿಗೆ ಒರೆಸಿ
ಮೆಲ್ಲಗೆ ಒತ್ತಿದ, ಹಣೆಗೆ ಕುಂಕುಮ ಇಟ್ಟ ಹಾಗೆ.

ಪರದೆ ಒಮ್ಮೆ ಖಾಲಿಯಾಗಿ
ಮತ್ತೆ ಏಳು ಸಾಲು. ಪಟ್ಟಿ ತಾನಾಗಿ ಮೊದಲನೆಯದಕ್ಕೆ.
"ಈಗ ಏನು ಬರೆದಿದೆ?"
"ಹೊಸ ದೋಣಿ."
ಖೇಮು ಅದನ್ನೇ ನೋಡುತ್ತ ಕೂತ, ನಂತರ
"ಅವಸರ ಭಾಳ ಇದಕ್ಕೆ" ಅಂದು ಎದ್ದ.

ಡಿಸೆಂಬರಿನಲ್ಲಿ ಕೀಬೋರ್ಡು ಬಂತು,
ಪ್ಲಾಸ್ಟಿಕ್ ವಾಸನೆಯದು, ಎಲ್ಲ ಬಾಣವೂ ಜೀವಂತ.
ಡೀಸೆಲ್ಲಿಗೆ ಈಗ ಒಂದೇ ಹೆಜ್ಜೆ.
ನಾನು ಹಾಗೇ ಹೋಗುತ್ತೇನೆ.

ಪಕ್ಕದ ಕುರ್ಚಿಯಲ್ಲಿ ಇನ್ನೂ
ಆರು ಸಲ ಟಕ್ ಟಕ್.
ಯಾಕೆ ಅಂತ ಕೇಳಿದರೆ,
"ಅಲ್ಲಿ ತನಕ ಬಾಕಿ ಪುಸ್ತಕ ತೆಗೀಲಿಕ್ಕೆ ಎಡಗೈಗೆ ಸಮಯ ಸಿಗ್ತದೆ,
ನೀನು ನಿನ್ನ ಕೆಲಸ ನೋಡು."