ಹಗಲುಮನೆ

ಬೋರ್ಡಿನಲ್ಲಿ ಮಲಯಾಳದಲ್ಲಿ ‘ಪಗಲ್ ವೀಡ್’.
“ಪಗಲ್ ನಮ್ಮದೇ, ವೀಡೆಂದರೆ ಬೀಡು” ಎಂದು
ಬಿಡಿಸಿ ಹೇಳಿದವರು ಐತಪ್ಪ ಮಾಷ್ಟ್ರು,
ಹಳಗನ್ನಡ ಕಲಿಸಿ ಪೆನ್ಶನ್ನಾದವರು.
ಅಂತೂ ಹತ್ತರಿಂದ ಐದರವರೆಗೆ ನಮ್ಮ ಬೀಡು:
ಹದಿನಾಲ್ಕು ಕುರ್ಚಿ, ಒಂದು ಕೇರಂ ಬೋರ್ಡು,
ಬಿ.ಪಿ. ನೋಡುವ ವನಜ, ಬುಧವಾರ ಮೊಟ್ಟೆ.

ಮಾರ್ಚಿನಲ್ಲಿ ತಿರುವನಂತಪುರದಲ್ಲಿ ಯಾರೋ
ಯಾವುದೋ ಪುಟದ ಒಂದು ಸೊನ್ನೆ ಅಳಿಸಿದರು.
ಮೂರನೇ ಕಂತು ಬರಲಿಲ್ಲ.
ಮೊದಲು ಹೋದದ್ದು ಮೊಟ್ಟೆ,
ಆಮೇಲೆ ಬಿ.ಪಿ. ಯಂತ್ರದ ಸೆಲ್ಲು.
ವನಜಳಿಗೆ ನಾಲ್ಕು ತಿಂಗಳ ಬಾಕಿ. ಅವಳು ಹೇಳಲಿಲ್ಲ,
ಬಳೆಯಿಲ್ಲದ ಕೈ ನೋಡಿ ಬೀಪಾತುಮ್ಮ ಹೇಳಿದಳು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟು ಹರಿದವ ನಾನು.
ಚಿಲ್ಲರೆ ಇಲ್ಲವೆಂದು ಯಾರನ್ನೂ
ಅರ್ಧ ದಾರಿಯಲ್ಲಿ ಇಳಿಸಿದವನಲ್ಲ.
(ಒಬ್ಬನನ್ನು ಇಳಿಸಿದ್ದೆ. ಕುಡಿದಿದ್ದ.)

ಈಗ ಎರಡು ಗಂಟೆಗೇ ಬೀಗ.
“ಹಗಲು ಎರಡಕ್ಕೆ ಮುಗಿಯುವ ಊರು
ಯಾವ ಕಾವ್ಯದಲ್ಲೂ ಓದಿಲ್ಲ ಮಾರಾಯ”
ಎಂದರು ಮಾಷ್ಟ್ರು, ಬೋರ್ಡಿನ ಕೆಳಗೆ ನಿಂತು.
ಪೆರ್ಲದ ಬಸ್ಸು ಐದೂಕಾಲಿಗೆ.

ನಡುವಿನ ಮೂರೂಕಾಲು ಗಂಟೆ
ಯಾವ ಲೆಕ್ಕಶೀರ್ಷಿಕೆಗೆ ಸೇರುತ್ತದೋ ಗೊತ್ತಿಲ್ಲ,
ಬಸ್‌ಸ್ಟಾಪಿನ ಸಿಮೆಂಟು ಕಟ್ಟೆಯಲ್ಲಿ ಕೂತಿದ್ದೇವೆ,
ಕೇರಂ ಬೋರ್ಡು ನಾಲ್ವರ ಮೊಣಕಾಲ ಮೇಲೆ.
ಇವತ್ತು ಬುಧವಾರ.
ಬೀಪಾತುಮ್ಮ ಮನೆಯಿಂದ ಮೊಟ್ಟೆ ಬೇಯಿಸಿ ತಂದಿದ್ದಾಳೆ,
ಆರು. ನಾವು ಹನ್ನೊಂದು ಜನ.
ದಾರ ಹಿಡಿದು ಒಂದೊಂದನ್ನೂ ಎರಡು ಮಾಡುತ್ತಿದ್ದಾಳೆ.
ನಾನು ಆಗಲೇ ಲೆಕ್ಕ ಹಾಕಿದ್ದೇನೆ,
ಒಂದರ್ಧ ಉಳಿಯುತ್ತದೆ.
ವನಜ ಇನ್ನೂ ಬೀಗ ಹಾಕಿ ಬಂದಿಲ್ಲ.