ಕೂಗು ಕಟ್ಟಿದ ರಾತ್ರಿ

ನಾನು ಕಾದಂಬರಿ ಬರೆದಿದ್ದರೆ ಅದು ಮೀನಿನಿಂದಲೇ ಶುರುವಾಗುತ್ತಿತ್ತು.
ಬೇರೇನಿತ್ತು ಮೇಯ್ನ್ ಸೀಮೆಯ ಆ ಮೂಲೆಯಲ್ಲಿ?
ದಿನಕ್ಕೆರಡು ಸಲ ಇಪ್ಪತ್ತಡಿ ಏರಿ
ಇಪ್ಪತ್ತಡಿ ಇಳಿಯುವ ಕಡಲು,
ಕಂಬಗಳ ಮೇಲೆ ಕಾಲೂರಿ ನಿಂತ ಡಬ್ಬಿ ಕಾರ್ಖಾನೆ,
ಮಂಜು, ಮತ್ತೆ ಮಂಜು.

ಪಾತ್ರಗಳು ಹೆಚ್ಚಿಲ್ಲ.
ಆಲ್ವಾ ಪಾಟಲ್, ಹನ್ನೊಂದು ವರ್ಷ, ಮುಂದಿನ ಹಲ್ಲು ಅರ್ಧ.
ಅವನ ತಂಗಿ ಹೆಪ್ಸಿ, ಏಳು,
ಪೆಟ್ಟಿಗೆಯ ಮೇಲೆ ನಿಂತರಷ್ಟೇ ಮೇಜಿಗೆ ಕೈ ಎಟುಕುವವಳು.
ಪಕ್ಕದ ಮನೆಯ ನಾನು, ಥರ್ಜಾ.
ರಾತ್ರಿ ಕಾವಲಿನ ಮುದುಕ ಎನೋಸ್ ಡೆನ್‌ಬೋ,
ಹಡಗಿನ ಹಗ್ಗಕ್ಕೆ ಸಿಕ್ಕು ಬಾಗದಾದ ಒಂದು ಕಾಲು.
ಅಪ್ಪಂದಿರು ಎರಡನೇ ಅಧ್ಯಾಯದಲ್ಲಿ ದೋಣಿ ಹತ್ತುತ್ತಾರೆ,
ಕೊನೆಯವರೆಗೂ ಹೆಚ್ಚು ಮಾತಾಡುವುದಿಲ್ಲ.

ಮೀನು ಬಂದರೆ ಕೂಗು. ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ.
ಎರಡು ಗಂಟೆಗೆ ಕೂಗಿದರೆ ಎರಡಕ್ಕೇ ಏಳಬೇಕು,
ಲಂಗದ ಮೇಲೆ ಎಣ್ಣೆಬಟ್ಟೆ ಸುತ್ತಿ,
ಕತ್ತರಿಗೆ ದಾರ ಕಟ್ಟಿ ಕೊರಳಿಗೆ ತೂಗಿ,
ನಿದ್ದೆಗಣ್ಣಲ್ಲೇ ಇಳಿಜಾರು ಇಳಿಯಬೇಕು.
ತಲೆ ಕತ್ತರಿಸು, ಬಾಲ ಕತ್ತರಿಸು, ಡಬ್ಬಿಗಿಡು.
ಒಂದು ತಟ್ಟೆ ಡಬ್ಬಿಗೆ ಐದು ಸೆಂಟು.
ಬೆಳಗಾಗುವ ಹೊತ್ತಿಗೆ ಮೊಣಕೈವರೆಗೂ ಹುರುಪೆ ಅಂಟಿ
ಮಿರಮಿರ ಮಿಂಚುತ್ತಿದ್ದೆವು.
ನಮ್ಮ ಮನೆಯ ಬೆಳ್ಳಿ ಇದೇ, ಎನ್ನುತ್ತಿದ್ದಳು ಅಮ್ಮ.

ಕಥೆ ನಿಜವಾಗಿ ಶುರುವಾಗುವುದು ಒಂಬತ್ತನೆಯ ಅಧ್ಯಾಯಕ್ಕೆ.
ಹೆಪ್ಸಿಯ ಕತ್ತರಿ ಜಾರಿತು. ಹೆಬ್ಬೆರಳು.
ಉಪ್ಪುನೀರಲ್ಲಿ ಅದ್ದಿದರು, ಚಿಂದಿ ಸುತ್ತಿದರು.
ಮರುದಿನ ಕೂಗು. ಅದರ ಮರುದಿನವೂ ಕೂಗು.
ನಾಲ್ಕನೆಯ ದಿನ ಕೈ ಊದಿ, ಮೈ ಕಾದು,
ಮಗು ನಿದ್ದೆಯಲ್ಲಿ ಗಾಳಿಯನ್ನು ಕತ್ತರಿಸುತ್ತಿತ್ತು
ಎರಡು ಬೆರಳು ತೆರೆದು, ಮುಚ್ಚಿ, ತೆರೆದು.

ಆ ರಾತ್ರಿ ಆಲ್ವಾ ಚಾವಣಿ ಹತ್ತಿದ.
ಏಣಿ ಹಿಡಿದವಳು ನಾನು.
ಈ ಒಂದು ಸಾಲಿಗೆ ಎಪ್ಪತ್ತು ವರ್ಷ ಬೇಕಾಯಿತು.
ಹಿತ್ತಾಳೆ ಕೊಳವೆಯ ಬಾಯಿಗೆ ಬಟ್ಟೆ ತುರುಕಿ
ಮೇಲೆ ಡಾಂಬರು ಮೆತ್ತಿದ.
ಇಳಿದು ಬಂದು, ಒಂದೇ ರಾತ್ರಿ, ಅಂದ.

ಮೂರಕ್ಕೆ ದೋಣಿ ಬಂದವು, ಅಂಚಿನವರೆಗೂ ತುಂಬಿ.
ಎನೋಸ್ ಹಗ್ಗ ಎಳೆದ. ಕೂಗು
ಮುದಿನಾಯಿಯ ಹಾಗೆ ಬರೀ ಉಸ್ಸೆಂದಿತು.
ಕಾಲೆಳೆದುಕೊಂಡು ಬಾಗಿಲು ಬಾಗಿಲು ತಟ್ಟುತ್ತ ಹೊರಟ.
ಆಗಸ್ಟಿನ ಬಿಸಿಲು ಅವನಿಗಿಂತ ಮೊದಲೇ ಎಲ್ಲರ ಮನೆ ತಲುಪಿತು.
ಹತ್ತು ಗಂಟೆಗೆ ಮೀನಿನ ಹೊಟ್ಟೆ ಒಡೆಯಿತು,
ಕಡಲದ್ದನ್ನು ಕಡಲಿಗೇ ಸುರಿದರು.
ಆ ವಾರ ಇಡೀ ಬೀದಿಗೆ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ.
ಹೆಪ್ಸಿ ಮಾತ್ರ ಹದಿನಾಲ್ಕು ತಾಸು ಮಲಗಿದಳು.

ಮಧ್ಯಾಹ್ನ ಮೇಸ್ತ್ರಿ ಬಂದು ಹಗ್ಗ ಎಳೆದ.
ಕೂಗಿತು! ಕಿವಿ ಕಿತ್ತುಹೋಗುವ ಹಾಗೆ.
ಆಲ್ವಾ ನನ್ನನ್ನು ನೋಡಿದ, ನಾನು ಅವನನ್ನು.
ಮುದುಕ ಕುಡಿದಿದ್ದ, ಎಂದರು.
ಹೌದು, ಎಂದ ಎನೋಸ್,
ಸೇಬಿನ ರಸಕ್ಕಿಂತ ಖಾರವಾದದ್ದನ್ನು ಮುಟ್ಟದವನು.

ಅವನನ್ನು ಕರೆದೊಯ್ಯುವ ಹಬೆದೋಣಿಗೆ ನಾವೂ ಹೋದೆವು.
ಉಗುರಿನ ಸಂದಿಯಲ್ಲಿ ಡಾಂಬರು ಇನ್ನೂ ಇತ್ತು.
ಜೇಬಿನಿಂದ ಮಡಿಸಿದ ಬಟ್ಟೆ ತೆಗೆದ, ಒಗೆದಿತ್ತು, ಒಣಗಿತ್ತು.
ತಂಗಿಯ ಲಂಗದ್ದಲ್ಲವಾ, ಹೊಲಿಸಿಬಿಡು, ಅಂದ.

ಕಾದಂಬರಿಯಲ್ಲಾದರೆ ಇಲ್ಲಿ ಆಲ್ವಾ ನಿಜ ಹೇಳಬೇಕು,
ಅವನಲ್ಲದಿದ್ದರೆ ನಾನು.
ಊರು ಕೇಳಬೇಕು, ದೋಣಿ ತಿರುಗಬೇಕು.
ನಾವಿಬ್ಬರೂ ಹಲಗೆಯ ಮೇಲೆ ನಿಂತು
ಬಾಯಿ ತೆರೆದೆವು, ಮುಚ್ಚಿದೆವು, ತೆರೆದೆವು.
ಕೂಗಿದ್ದು ಹಬೆದೋಣಿ.

ಹೆಪ್ಸಿಯ ಆ ಹೆಬ್ಬೆರಳು ಮತ್ತೆ ಬಾಗಲೇ ಇಲ್ಲ.
ಮೊಮ್ಮಕ್ಕಳು ಕೇಳಿದರೆ, ಚಳಿಗೆ ಹೀಗಾಗಿದೆ, ಎನ್ನುತ್ತಾಳೆ,
ನನ್ನ ಕಡೆ ನೋಡದೆ.